ಕಾಲೇಜುಗಳ ಪಟ್ಟಿ ಕೇರೋಣ ಬನ್ನಿ

ಸುಗ್ಗಿಯ ದಿನಗಳಲ್ಲಿ ಅಜ್ಜಿ ಕಣದಲ್ಲಿ ಕೆಲಸ ಮಾಡುವುದನ್ನು ನೋಡಿದ್ದೀರಾ? ರಾಶಿ ದೊಡ್ಡದಿದೆ ಎಂದು ಅವರು ಗಾಬರಿಯಾಗುವುದಿಲ್ಲ. ಮೊದಲು ಗಾಳಿಗೆ ತೂರುತ್ತಾರೆ, ಆಮೇಲೆ ಜರಡಿ ಹಿಡಿಯುತ್ತಾರೆ, ಕೊನೆಗೆ ಮೊರದಲ್ಲಿ ಹಾಕಿ ಕೇರುತ್ತಾರೆ. ಜೊಳ್ಳು ಹಾರಿಹೋಗುತ್ತದೆ, ಗಟ್ಟಿ ಕಾಳು ಮೊರದಲ್ಲಿ ಉಳಿಯುತ್ತದೆ.

ದ್ವಿತೀಯ ಪಿಯುಸಿ ಮುಗಿಸಿದ ಅಕ್ಕ, ಅಣ್ಣಂದಿರ ಮುಂದೆ ಪ್ರತಿ ಬೇಸಿಗೆಯಲ್ಲೂ ಇಂಥದೇ ಒಂದು ರಾಶಿ ಬಂದು ಬೀಳುತ್ತದೆ. ಅದು ಕಾಲೇಜುಗಳ ರಾಶಿ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕೂ ತಾಲ್ಲೂಕುಗಳು ತುಮಕೂರು ಜಿಲ್ಲೆಯಲ್ಲಿದ್ದರೂ ಶಾಲೆಯ ಲೆಕ್ಕಕ್ಕೆ ‘ಮಧುಗಿರಿ ಶೈಕ್ಷಣಿಕ ಜಿಲ್ಲೆ’ಗೆ ಸೇರಿವೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ಮಧುಗಿರಿಯ ಹೆಸರು ಬೇರೆಯಾಗಿ ಬರುವುದು ಅದಕ್ಕೇ. ಇಲ್ಲಿನ ಮಕ್ಕಳು ರಾಶಿಯಿಂದ ತಮ್ಮ ಕಾಳನ್ನು ಆರಿಸಿಕೊಳ್ಳುವುದು ಹೇಗೆ? ಈ ಕೆಲಸದಲ್ಲಿ ತಾತ, ಅಜ್ಜಿಯರಿಗೂ ಪಾಲಿದೆ.

ತಾತನ ಕಾಲ, ಮೊಮ್ಮಗಳ ಕಾಲ

ತಾತನ ಕಾಲದಲ್ಲಿ ಪಟ್ಟಿಯೇ ಇರಲಿಲ್ಲ. ತುಮಕೂರಿನಲ್ಲಿ ಸಿದ್ಧಗಂಗಾ ತಾಂತ್ರಿಕ ಮಹಾವಿದ್ಯಾಲಯ ಶುರುವಾದದ್ದು 1963ರಲ್ಲಿ, ಸಿದ್ಧಾರ್ಥ ತಾಂತ್ರಿಕ ಮಹಾವಿದ್ಯಾಲಯ 1979ರಲ್ಲಿ. ತುಮಕೂರು ವಿಶ್ವವಿದ್ಯಾಲಯ ಬಂದದ್ದು 2004ರಲ್ಲಿ. ಅದಕ್ಕೂ ಮೊದಲು ಸಿದ್ಧಗಂಗಾ ಮಠದಲ್ಲಿ ಊಟ, ವಸತಿ ಸಿಕ್ಕಿದರೆ ಸಾಕು, ಓದು ಮುಂದುವರಿಯುತ್ತದೆ ಎಂದು ನಂಬಿ ಹೊರಟ ಹುಡುಗರು ಎಷ್ಟೋ ಮಂದಿ. ಆಯ್ಕೆ ಕಡಿಮೆ, ಗೊಂದಲವೂ ಕಡಿಮೆ.

ಈಗ ಎಂಜಿನಿಯರಿಂಗ್, ಕೃಷಿ, ತೋಟಗಾರಿಕೆ, ಪಶುವೈದ್ಯ ಮುಂತಾದ ಕೋರ್ಸುಗಳಿಗೆ ಕಾಲೇಜಿಂದ ಕಾಲೇಜಿಗೆ ಅಲೆದು ಅರ್ಜಿ ಹಾಕಬೇಕಿಲ್ಲ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ಸಿಇಟಿ ನಡೆಸುತ್ತದೆ. ಎಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿ ಅಂಕ ಅರ್ಧ, ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ ಅರ್ಧ. ರ‍್ಯಾಂಕ್ ಬಂದ ಮೇಲೆ ವಿದ್ಯಾರ್ಥಿ ತನಗೆ ಬೇಕಾದ ಕಾಲೇಜು ಮತ್ತು ಕೋರ್ಸುಗಳನ್ನು ಒಂದು, ಎರಡು, ಮೂರು ಎಂದು ಕ್ರಮವಾಗಿ ಕೆಇಎ ಜಾಲತಾಣದಲ್ಲಿ ನಮೂದಿಸಬೇಕು. ಇದಕ್ಕೆ ‘ಆಪ್ಷನ್ ಎಂಟ್ರಿ’ ಎನ್ನುತ್ತಾರೆ. ನಾಲ್ಕು ವರ್ಷದ ಓದು ಎಲ್ಲಿ, ಯಾವುದು ಎಂಬುದು ಈ ಪಟ್ಟಿಯ ಮೇಲೆ ನಿಂತಿದೆ.

ಪಾವಗಡ ತಾಲ್ಲೂಕಿನ ಒಂದು ಹಳ್ಳಿಯ ಹುಡುಗಿಯನ್ನು ಊಹಿಸಿಕೊಳ್ಳೋಣ. ಅಪ್ಪನಿಗೆ ನಾಲ್ಕು ಎಕರೆ ಕಡಲೆಕಾಯಿ ಹೊಲ. ಅವಳ ನೋಟ್‌ಬುಕ್ಕಿನಲ್ಲಿ ಎಪ್ಪತ್ತು ಕಾಲೇಜುಗಳ ಹೆಸರಿವೆ. ಅರ್ಧ ಗೆಳತಿಯರು ಹೇಳಿದ್ದು, ಇನ್ನರ್ಧ ಜಾಹೀರಾತಿನಲ್ಲಿ ಕಂಡದ್ದು. ಅವಳ ಜೊತೆ ಕೂತು ನಾವೂ ಕೇರೋಣ.

ಮೊದಲ ಜರಡಿ: ಏನು ಓದಬೇಕು?

ಕಾಲೇಜಿನ ಹೆಸರಿಗಿಂತ ಮೊದಲು ವಿಷಯ. ಪಾವಗಡದ ತಿರುಮಣಿ ಸುತ್ತಮುತ್ತ 2050 ಮೆಗಾವಾಟ್‌ನ ಸೌರ ವಿದ್ಯುತ್ ಪಾರ್ಕ್ ಇದೆ. ಅದನ್ನು ದಿನವೂ ನೋಡುತ್ತಾ ಬೆಳೆದ ಹುಡುಗಿಗೆ ಎಲೆಕ್ಟ್ರಿಕಲ್ ಓದುವ ಆಸೆ ಹುಟ್ಟಿದರೆ ಆಶ್ಚರ್ಯವಿಲ್ಲ. ಹೊಲದಲ್ಲೇ ಮನಸ್ಸಿದ್ದರೆ ಹಿರಿಯೂರಿನ ತೋಟಗಾರಿಕೆ ಕಾಲೇಜು, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಇವೆ. ‘ಎಲ್ಲರೂ ಕಂಪ್ಯೂಟರ್ ತಗೋತಾರೆ, ನೀನೂ ತಗೋ’ ಎಂಬ ಮಾತಿಗೆ ತಲೆಯಾಡಿಸುವ ಮುನ್ನ ಯಾವ ಪಾಠ ಓದುವಾಗ ಹೊತ್ತು ಹೋದದ್ದು ಗೊತ್ತಾಗಲಿಲ್ಲ ಎಂದು ನೆನಪಿಸಿಕೊಳ್ಳಲಿ. ಈ ಒಂದೇ ಪ್ರಶ್ನೆಗೆ ಪಟ್ಟಿ ಅರ್ಧ ಇಳಿಯುತ್ತದೆ.

ಎರಡನೇ ಜರಡಿ: ರ‍್ಯಾಂಕ್ ಏನು ಹೇಳುತ್ತದೆ?

ಹಿಂದಿನ ವರ್ಷ ಯಾವ ಕಾಲೇಜಿನ ಯಾವ ಕೋರ್ಸು ಯಾವ ರ‍್ಯಾಂಕಿಗೆ ಮುಗಿಯಿತು ಎಂಬುದನ್ನು ಕೆಇಎ ಪ್ರಕಟಿಸುತ್ತದೆ. ಅದನ್ನು ನೋಡುವಾಗ ನಿಮ್ಮ ಮೀಸಲಾತಿಯ ಸಾಲನ್ನೇ ನೋಡಬೇಕು. ಜಿಎಂ ಎಂದರೆ ಸಾಮಾನ್ಯ ವರ್ಗ. ಅದರ ಮುಂದೆ ‘ಆರ್’ ಇದ್ದರೆ ಗ್ರಾಮೀಣ, ‘ಕೆ’ ಇದ್ದರೆ ಕನ್ನಡ ಮಾಧ್ಯಮ.

ನಮ್ಮ ಹುಡುಗಿಯ ರ‍್ಯಾಂಕ್ 30 ಸಾವಿರ ಎಂದುಕೊಳ್ಳಿ. ಕಳೆದ ವರ್ಷ 20 ಸಾವಿರಕ್ಕೆ ಮುಗಿದ ಕಾಲೇಜು ಅವಳಿಗೆ ಆಸೆಯ ಗುಂಪು. 30 ಸಾವಿರದ ಆಸುಪಾಸಿನವು ಸಿಗಬಹುದಾದ ಗುಂಪು. 45 ಸಾವಿರದವರೆಗೂ ಹೋದದ್ದು ಬಹುಮಟ್ಟಿಗೆ ಖಾತ್ರಿಯ ಗುಂಪು. ಮೂರೂ ಗುಂಪಿನಿಂದ ಕೆಲವು ಹೆಸರು ಇರಲಿ. ಬರೀ ಆಸೆಯ ಗುಂಪನ್ನೇ ಬರೆದು ಕೂತರೆ ಕೈಗೆ ಏನೂ ಸಿಗದೆ ಹೋಗಬಹುದು.

ಮೂರನೇ ಜರಡಿ: ದುಡ್ಡು, ದಾರಿ, ಸೂರು

ಇಲ್ಲಿ ತಾತ ಬಾಯಿ ಬಿಡಬೇಕು. ಮನೆಯಲ್ಲಿ ಎಷ್ಟು ಹಣವಿದೆ, ಎಷ್ಟು ಸಾಲವಿದೆ ಎಂಬುದನ್ನು ಮಗುವಿನಿಂದ ಮುಚ್ಚಿಟ್ಟರೆ ಅದು ತಪ್ಪು ಪಟ್ಟಿ ಬರೆಯುತ್ತದೆ. ಸರ್ಕಾರಿ ಕಾಲೇಜಿನ ಶುಲ್ಕಕ್ಕೂ ಖಾಸಗಿ ಕಾಲೇಜಿನ ಶುಲ್ಕಕ್ಕೂ ಬಹಳ ಅಂತರವಿದೆ. ಖಾಸಗಿ ಕಾಲೇಜಿನಲ್ಲೂ ಸಿಇಟಿ ಮೂಲಕ ಸಿಗುವ ಸರ್ಕಾರಿ ಕೋಟಾದ ಸೀಟಿಗೆ ಮ್ಯಾನೇಜ್‌ಮೆಂಟ್ ಸೀಟಿಗಿಂತ ಶುಲ್ಕ ಕಡಿಮೆ. ಪಾವಗಡ, ಶಿರಾ ಕಡೆಯವರು ತುಮಕೂರು, ಬೆಂಗಳೂರು ಎಂದಷ್ಟೇ ಯೋಚಿಸುತ್ತಾರೆ. ನೆರೆಯ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ ಎಂಬುದು ಮರೆತೇ ಹೋಗುತ್ತದೆ.

ಕೊರಟಗೆರೆಯ ಹುಡುಗ ದಿನವೂ ತುಮಕೂರಿಗೆ ಹೋಗಿ ಬರಬಹುದು. ಪಾವಗಡದಿಂದ ತುಮಕೂರು ನೂರು ಕಿಲೋಮೀಟರಿನಷ್ಟು ದೂರ. ಅಲ್ಲಿನ ಮಗುವಿಗೆ ಹಾಸ್ಟೆಲ್ ಬೇಕೇ ಬೇಕು. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳು ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹಣ ಕೊಡಬೇಕಿಲ್ಲ. ಆದರೆ ನಿಮ್ಮೂರಿಗೆ ಬರುವುದು ಸರ್ಕಾರಿ ಬಸ್ಸೋ ಖಾಸಗಿ ಬಸ್ಸೋ, ಸಂಜೆಯ ಕೊನೆಯ ಬಸ್ಸು ಎಷ್ಟು ಗಂಟೆಗೆ, ಎಂದು ಮೊದಲೇ ತಿಳಿದಿರಬೇಕು. ಸಮಾಜ ಕಲ್ಯಾಣ ಇಲಾಖೆ, ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲುಗಳು ಆ ಊರಿನಲ್ಲಿವೆಯೇ ಎಂದೂ ವಿಚಾರಿಸಿ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಎಂಬ ನೆರವಿನ ಯೋಜನೆಯೂ ಇದೆ.

ಕ್ರಮ ತಪ್ಪಿದರೆ ಸೀಟು ತಪ್ಪೀತು

ಮೂರು ಜರಡಿ ಹಿಡಿದ ಮೇಲೆ ಎಪ್ಪತ್ತು ಹೆಸರು ಹದಿನೈದಕ್ಕೆ ಇಳಿದಿವೆ. ಇನ್ನು ಅವುಗಳನ್ನು ಸಾಲಾಗಿ ಜೋಡಿಸಬೇಕು. ಹೆಚ್ಚು ಮಂದಿ ಎಡವುವುದು ಇಲ್ಲೇ.

ಕಂಪ್ಯೂಟರು ರ‍್ಯಾಂಕಿನ ಕ್ರಮದಲ್ಲಿ ಒಬ್ಬೊಬ್ಬರನ್ನೇ ತೆಗೆದುಕೊಂಡು ಅವರ ಪಟ್ಟಿಯನ್ನು ಮೇಲಿನಿಂದ ಕೆಳಗೆ ನೋಡುತ್ತದೆ. ಮೊದಲು ಖಾಲಿ ಕಂಡ ಸೀಟನ್ನು ಕೊಟ್ಟು ಅಲ್ಲಿಗೇ ನಿಲ್ಲುತ್ತದೆ. 1917ರಲ್ಲಿ ಶುರುವಾದ ಬೆಂಗಳೂರಿನ ಯುವಿಸಿಇಯನ್ನು ನಮ್ಮ ಹುಡುಗಿ ಮೊದಲ ಸಾಲಿನಲ್ಲಿ ಬರೆದು, ಅದು ಸಿಗದಿದ್ದರೆ ನಷ್ಟವೇನಿಲ್ಲ. ಕಂಪ್ಯೂಟರು ಎರಡನೇ ಸಾಲಿಗೆ ಇಳಿಯುತ್ತದೆ. ಆದರೆ ‘ಇದಂತೂ ಸಿಗುತ್ತೆ’ ಎಂಬ ಧೈರ್ಯಕ್ಕೆ ಖಾತ್ರಿಯ ಕಾಲೇಜನ್ನೇ ಮೇಲೆ ಬರೆದರೆ ಅದೇ ಸಿಗುತ್ತದೆ. ಅದರ ಕೆಳಗಿದ್ದ, ಅವಳಿಗೆ ನಿಜವಾಗಿ ಬೇಕಾಗಿದ್ದ ಕಾಲೇಜುಗಳು ಮುಂದಿನ ಸುತ್ತಿಗೆ ಪಟ್ಟಿಯಿಂದ ಬಿದ್ದುಹೋಗುತ್ತವೆ.

ಹಾಗಾಗಿ ಸೂತ್ರ ಇಷ್ಟೇ: ಬೇಕೆನಿಸುವ ಕ್ರಮದಲ್ಲಿ ಬರೆಯಿರಿ, ಸಿಗುವ ಕ್ರಮದಲ್ಲಿ ಬೇಡ. ಸಿಕ್ಕರೂ ಸೇರಲಾರೆ ಎನಿಸುವ ಹೆಸರನ್ನು ಬರೆಯಲೇಬೇಡಿ.

ಸರಿಪಡಿಸಿಕೊಳ್ಳಲು ಒಂದು ಅವಕಾಶವೂ ಇದೆ. ನಿಜವಾದ ಹಂಚಿಕೆಗೆ ಮುನ್ನ ‘ಅಣಕು ಸೀಟು ಹಂಚಿಕೆ’ ನಡೆಯುತ್ತದೆ. ಅದರಲ್ಲಿ ಏನು ಬಂತು ಎಂದು ನೋಡಿ ಪಟ್ಟಿಯ ಕ್ರಮ ಬದಲಿಸಬಹುದು. ನಿಜವಾದ ಸೀಟು ಬಂದ ಮೇಲೆ ನಾಲ್ಕು ದಾರಿ: ಒಪ್ಪಿ ಸೇರುವುದು, ಒಪ್ಪಿಕೊಂಡೇ ಇನ್ನೂ ಮೇಲಿನದಕ್ಕೆ ಕಾಯುವುದು, ಬೇಡವೆಂದು ಮುಂದಿನ ಸುತ್ತಿಗೆ ಹೋಗುವುದು, ಪೂರ್ತಿ ಹೊರಬರುವುದು. ಮೂರನೆಯದನ್ನು ಒತ್ತುವ ಮುನ್ನ ಎರಡು ಸಲ ಯೋಚಿಸಿ. ಕೈಲಿದ್ದ ಸೀಟು ಹೋಗುತ್ತದೆ, ಮುಂದೆ ಸಿಗುವ ಭರವಸೆ ಇಲ್ಲ. ನಿಯಮಗಳು ವರ್ಷದಿಂದ ವರ್ಷಕ್ಕೆ ಸ್ವಲ್ಪ ಬದಲಾಗುವುದರಿಂದ ಆಯಾ ವರ್ಷದ ಕೈಪಿಡಿಯನ್ನು ಓದಲೇಬೇಕು.

ಅಜ್ಜಿಯ ಟ್ರಂಕಿನ ಕಾಗದಗಳು

1ರಿಂದ 10ನೇ ತರಗತಿವರೆಗೆ ಹಳ್ಳಿಯ ಶಾಲೆಯಲ್ಲೇ ಓದಿದವರಿಗೆ ಶೇ 15ರ ಗ್ರಾಮೀಣ ಮೀಸಲಾತಿ, ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5ರ ಮೀಸಲಾತಿ ಇದೆ. ಇದಕ್ಕೆ ವ್ಯಾಸಂಗ ಪ್ರಮಾಣಪತ್ರ ಬೇಕು, ಅದರ ಮೇಲೆ ಬಿಇಒ ಸಹಿ ಬೇಕು. ನಡುವೆ ಒಂದೆರಡು ವರ್ಷ ಪಟ್ಟಣದ ಶಾಲೆಗೆ ಸೇರಿಸಿದ್ದರೆ ಗ್ರಾಮೀಣ ಮೀಸಲಾತಿ ಸಿಗುವುದಿಲ್ಲ. ಯಾವ ವರ್ಷ ಎಲ್ಲಿ ಓದಿದ್ದು ಎಂಬುದು ಅಜ್ಜಿಗೆ ನೆನಪಿರುತ್ತದೆ, ಕಾಗದಗಳು ಅವರ ಟ್ರಂಕಿನಲ್ಲಿರುತ್ತವೆ. ಕೃಷಿ ಕೋರ್ಸುಗಳಲ್ಲಿ ರೈತರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದ್ದು, ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಇರುತ್ತದೆ. ಬೀಜ, ಗೊಬ್ಬರ, ಉಪಕರಣ ಗುರುತಿಸುವುದನ್ನು ತಾತನಿಗಿಂತ ಚೆನ್ನಾಗಿ ಕಲಿಸುವವರು ಯಾರು?

ಗಡಿಯಾಚೆಯ ಮಡಕಶಿರಾ, ರಾಯದುರ್ಗ ತಾಲ್ಲೂಕುಗಳಲ್ಲಿ ನೆಂಟರಿದ್ದರೆ ಅವರಿಗೂ ಒಂದು ಮಾತು ತಿಳಿಸಿ. ಅಲ್ಲಿನ ಕನ್ನಡಿಗರ ಮಕ್ಕಳಿಗೆ ‘ಗಡಿನಾಡ ಕನ್ನಡಿಗ’ ಎಂಬ ಅವಕಾಶವಿದೆ, ಅದಕ್ಕೊಂದು ಕನ್ನಡ ಭಾಷಾ ಪರೀಕ್ಷೆ ಬರೆಯಬೇಕು.

ಎಂಟು, ಒಂಬತ್ತನೇ ತರಗತಿಯ ಮಕ್ಕಳೇ, ನಿಮಗೆ ಇನ್ನೂ ಕಾಲವಿದೆ. ಎಸ್ಸೆಸ್ಸೆಲ್ಸಿ ನಂತರ ಡಿಪ್ಲೊಮಾ ಓದಿ, ಡಿಸಿಇಟಿ ಬರೆದು ನೇರವಾಗಿ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರುವ ದಾರಿಯೂ ಇದೆ ಎಂಬುದು ಗೊತ್ತಿರಲಿ.

ನಮ್ಮ ಹುಡುಗಿ ಕೊನೆಗೆ ಹದಿನೈದು ಸಾಲನ್ನು ಗಟ್ಟಿಯಾಗಿ ಓದಿ ಹೇಳಲಿ. ಒಂದೊಂದು ಹೆಸರಿಗೂ ತಾತ ಒಂದೇ ಪ್ರಶ್ನೆ ಕೇಳಲಿ: ‘ಇದು ಸಿಕ್ಕರೆ ಸಂತೋಷವಾಗಿ ಹೊರಡ್ತೀಯಾ ಮಗಾ?’ ಹೂಂ ಎಂದರೆ ಇರಲಿ. ಅವಳು ಸುಮ್ಮನಾದರೆ ಆ ಸಾಲು ಹೊಡೆದುಹಾಕಿ. ಉಳಿದದ್ದೇ ಗಟ್ಟಿ ಕಾಳು.