ಉಸಿರೇ ಉಳಿಯಾದಾಗ

ವಿದ್ಯುತ್ತಿನ ಹಂಗೇ ಇರಲಿಲ್ಲ! ಇದನ್ನು ಮೊದಲು ಹೇಳಿಬಿಡಬೇಕು, ಏಕೆಂದರೆ ಉಳಿದ ಅಚ್ಚರಿಗಳೆಲ್ಲ ಇದರ ಬೆನ್ನಿಗೇ ಬರುತ್ತವೆ. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗಾಯಕಿ ಗೌಹರ್ ಜಾನ್ ಗ್ರಾಮಫೋನ್ ಕಂಪನಿಗಾಗಿ ಹಾಡಿದಾಗ ಅವರ ದನಿ ಹಿಡಿಯಲು ಮೈಕ್ ಇರಲಿಲ್ಲ, ಆಂಪ್ಲಿಫೈಯರ್ ಇರಲಿಲ್ಲ, ಬ್ಯಾಟರಿಯೂ ಇರಲಿಲ್ಲ. ಇದ್ದದ್ದು ದೊಡ್ಡದೊಂದು ಕಹಳೆ. ಅದರ ಅಗಲ ಬಾಯಿಗೆ ಮುಖ ಕೊಟ್ಟು ಆಕೆ ಹಾಡಿದರು. ಕಹಳೆಯ ಕಿರಿದಾದ ತುದಿಯಲ್ಲಿ ತೆಳ್ಳನೆಯ ಪೊರೆಯೊಂದು ನಡುಗಿತು. ಪೊರೆಗೆ ಜೋಡಿಸಿದ್ದ ಮುಳ್ಳು, ತಿರುಗುತ್ತಿದ್ದ ಮೇಣದ ಬಿಲ್ಲೆಯ ಮೇಲೆ ಎಡಕ್ಕೂ ಬಲಕ್ಕೂ ಹೊಯ್ದಾಡುತ್ತ ಗೀರು ಕೊರೆಯಿತು. ಅಷ್ಟೇ! ಬಿಲ್ಲೆ ತಿರುಗಿಸಲು ಒಂದು ಯಂತ್ರವಿತ್ತು, ನಿಜ. ಆದರೆ ಆ ಗೀರಿನ ಒಂದೊಂದು ಅಲುಗಾಟಕ್ಕೂ ಬೇಕಾದ ಬಲ ಬಂದದ್ದು ಒಬ್ಬ ಹೆಣ್ಣುಮಗಳ ಎದೆಯಿಂದ. ಇವತ್ತು ಮೊಬೈಲಿನಲ್ಲಿ ಕೇಳುವ ಆ ಹಾಡು ಆಕೆಯ ಉಸಿರೇ ಉಳಿಯಾಗಿ ಕೆತ್ತಿದ್ದು.

ಇದು ತಿಳಿದ ಮೇಲೆ ಹಳೆಯ ರೆಕಾರ್ಡುಗಳ ಕರಕರ ಸದ್ದು ನನಗೆ ಅಡ್ಡಿ ಅನ್ನಿಸಿಯೇ ಇಲ್ಲ.

ಆ ಕಹಳೆ ಹಿಡಿದು ಬಂದಿದ್ದವನು ಫ್ರೆಡ್ ಗೈಸ್‌ಬರ್ಗ್ ಎಂಬ ಅಮೆರಿಕದವನು. ಅದೇ ವರ್ಷದ ಏಪ್ರಿಲ್‌ನಲ್ಲಿ ಆತ ಇಟಲಿಯ ಮಿಲಾನ್‌ನಲ್ಲಿದ್ದ. ಅಲ್ಲಿನ ಹೋಟೆಲೊಂದರ ಕೋಣೆಯಲ್ಲಿ ಎನ್ರಿಕೋ ಕರೂಸೋ ಎಂಬ ಯುವ ಗಾಯಕನಿಂದ ನೂರು ಪೌಂಡಿಗೆ ಹತ್ತು ಹಾಡು ಹಾಡಿಸಿಕೊಂಡಿದ್ದ. ಏಳೇ ತಿಂಗಳು! ಒಂದೇ ವರ್ಷದಲ್ಲಿ ಒಬ್ಬನೇ ಮನುಷ್ಯ ಆಪೆರಾ ಲೋಕದ ಕಂಠವನ್ನೂ ನಮ್ಮ ಠುಮ್ರಿ, ಖಯಾಲ್‌ಗಳ ಕಂಠವನ್ನೂ ಮೇಣಕ್ಕೆ ಇಳಿಸಿದ್ದಾನೆ. ಕಲ್ಕತ್ತೆಯ ಮೇಣದ ಬಿಲ್ಲೆಗಳು ಹಡಗು ಹತ್ತಿ ಜರ್ಮನಿಯ ಹ್ಯಾನೋವರ್‌ಗೆ ಹೋದವು. ಅಲ್ಲಿ ಪ್ಲೇಟುಗಳಾಗಿ ಅಚ್ಚಾಗಿ, ಮತ್ತೆ ಕಡಲು ದಾಟಿ ಹಿಂದಿರುಗಿದವು. ಯಾವ ಬಿಲ್ಲೆ ಯಾರದೆಂದು ಹ್ಯಾನೋವರಿನ ಕೆಲಸಗಾರರಿಗೆ ತಿಳಿಯುವುದು ಹೇಗೆ? ಅದಕ್ಕೇ ಗೌಹರ್ ಜಾನ್ ಹಾಡು ಮುಗಿಸಿದೊಡನೆ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ಕೂಗಿ ಹೇಳುತ್ತಾರೆ. ಒಂದು ಕಾರ್ಖಾನೆಯ ಅನುಕೂಲಕ್ಕೆ ಹೇಳಿದ ಹೆಸರು ಅದು. ಆದರೂ ಆ ಗತ್ತು ಕೇಳಬೇಕು!

ಈಗ ಹಾಡುವವರ ಜಾಗದಲ್ಲಿ ನಿಂತು ನೋಡೋಣ. ಮೆಹಫಿಲಿನಲ್ಲಿ ಕಣ್ಣೆದುರು ರಸಿಕರು, ಒಂದು ಒಳ್ಳೆಯ ಜಾಗ ಬಂದರೆ ‘ವಾಹ್’, ಸಮ್ಮಿಗೆ ಬಂದಾಗ ಹತ್ತಾರು ತಲೆ ಒಟ್ಟಿಗೆ ತೂಗುವುದು. ಇಲ್ಲಿ ಎದುರಿಗೆ ಕಹಳೆಯ ಕತ್ತಲು ಬಾಯಿ. ತಾರಸ್ಥಾಯಿಗೆ ಏರಿದರೆ ಮುಳ್ಳು ಎಗರೀತು ಎಂದು ಹಿಂದೆ ಸರಿಯಬೇಕು, ತಗ್ಗಿಗೆ ಇಳಿದರೆ ಮತ್ತೆ ಮುಂದೆ ಬಾಗಬೇಕು. ಪಿಸುದನಿ ಮಾಡಿದರೆ ಕಹಳೆಗೆ ಕೇಳುವುದೇ ಇಲ್ಲ. ಪಿಟೀಲಿನ ದನಿ ಸಾಲದೆಂದು ಅದಕ್ಕೂ ಒಂದು ಕಹಳೆ ಕಟ್ಟಿದ ‘ಸ್ಟ್ರೋ’ ವಯೊಲಿನ್ ಎಂಬ ವಾದ್ಯವೇ ಆ ಕಾಲದಲ್ಲಿ ಹುಟ್ಟಿಕೊಂಡಿತು ಅಂದರೆ ಕಹಳೆಯ ಕಿವಿ ಎಷ್ಟು ಮಂದ ಎಂದು ಊಹಿಸಿಕೊಳ್ಳಿ. ಹಾಡಿ ಮುಗಿಸಿದ ಮೇಲಾದರೂ ಹೇಗೆ ಬಂದಿದೆ ಎಂದು ಕೇಳಬಹುದೇ? ಇಲ್ಲ. ಮೆತ್ತನೆಯ ಮೇಣದ ಮೇಲೆ ಮತ್ತೆ ಮುಳ್ಳು ಹಾಯಿಸಿದರೆ ಗೀರು ಕೆಟ್ಟುಹೋಗುತ್ತದೆ. ತಿಂಗಳುಗಟ್ಟಲೆ ಕಾದು, ಹಡಗಿನಲ್ಲಿ ಬಂದ ಪ್ಲೇಟು ಹಾಕಿದಾಗಲೇ ತಮ್ಮ ದನಿ ತಮಗೆ ಕೇಳಿಸುವುದು. ಅಲ್ಲಿಯವರೆಗೆ ಹೆಚ್ಚಿನ ಗಾಯಕರು ತಮ್ಮ ಕಂಠವನ್ನು ಹೊರಗಿನಿಂದ ಕೇಳಿದವರೇ ಅಲ್ಲ!

ಇನ್ನು ಸಮಯ. ಪ್ಲೇಟಿನ ಒಂದು ಬದಿಗೆ ಸುಮಾರು ಮೂರು ನಿಮಿಷ. ಒಂದು ರಾಗಕ್ಕೆ ಒಂದು ಗಂಟೆ ಕೊಡುವವರಿಗೆ ಮೂರು ನಿಮಿಷ! ‘ಕತ್ತರಿಸಿದ ಸಂಗೀತ’ ಎಂದು ಮೂಗು ಮುರಿಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ದೊಡ್ಡದನ್ನು ಕತ್ತರಿಸಿದರೆ ಮೊಟಕು ಕಾಣಿಸಬೇಕು. ಈ ರೆಕಾರ್ಡುಗಳಲ್ಲಿ ಮೊಟಕು ಕಾಣಿಸುವುದಿಲ್ಲ. ಎತ್ತಿಕೊಂಡ ಮೊದಲ ಸಾಲಿನಲ್ಲೇ ರಾಗದ ಮುಖ ಪೂರ್ತಿ ಕಾಣುತ್ತದೆ. ಸ್ಥಾಯಿ, ಅಂತರಾ, ತಾನು, ಮತ್ತೆ ಮುಖಡಾ, ಎಲ್ಲಕ್ಕೂ ಜಾಗವಿದೆ. ಅದು ಮೆಹಫಿಲಿನ ಸಂಗೀತವನ್ನು ಚಿಕ್ಕದು ಮಾಡಿದ್ದಲ್ಲ. ಕಹಳೆಯ ಮುಂದೆ ನಿಂತು ಆಗಿಂದಾಗಲೇ ಕಂಡುಕೊಂಡ ಬೇರೆಯದೇ ಕಲೆ.

ಆ ಪ್ಲೇಟನ್ನೇ ಕೈಗೆತ್ತಿಕೊಂಡು ಲೆಕ್ಕ ಹಾಕಿ ನೋಡಿ. ನಿಮಿಷಕ್ಕೆ 78 ಸುತ್ತು, ಮೂರು ನಿಮಿಷಕ್ಕೆ 234 ಸುತ್ತು. ಹತ್ತು ಇಂಚಿನ ಪ್ಲೇಟಿನ ಗೀರನ್ನು ಬಿಚ್ಚಿ ನೇರ ಎಳೆದರೆ ನೂರು ಮೀಟರಿಗೂ ಉದ್ದ! ಹೊರ ಅಂಚಿನಲ್ಲಿ ಒಂದು ಸೆಕೆಂಡಿನ ಹಾಡಿಗೆ ಸುಮಾರು ಒಂದು ಮೀಟರ್ ಗೀರು ಸಿಗುತ್ತದೆ. ಮುಳ್ಳು ಒಳಗೊಳಗೆ ಸಾಗಿ ಲೇಬಲಿನ ಹತ್ತಿರ ಬಂದಾಗ ಅದೇ ಒಂದು ಸೆಕೆಂಡಿಗೆ ಅರ್ಧ ಮೀಟರೂ ಇಲ್ಲ. ಈಗ ನೆನಪಿಸಿಕೊಳ್ಳಿ, ನಮ್ಮ ಗಾಯಕರು ಅತಿ ವೇಗದ ತಾನುಗಳನ್ನು ಎಲ್ಲಿ ಇಡುತ್ತಾರೆ? ಕೊನೆಯಲ್ಲಿ! ಗೀರು ಅತ್ಯಂತ ಇಕ್ಕಟ್ಟಾದ ಜಾಗದಲ್ಲೇ ಅತ್ಯಂತ ದಟ್ಟವಾದ ಸ್ವರಗಳು. ಸೆಕೆಂಡಿಗೆ ಎಂಟು ಸ್ವರ ಹಾಕಿದರೆ ಒಂದೊಂದು ಸ್ವರಕ್ಕೂ ಐದಾರು ಸೆಂಟಿಮೀಟರಿನಷ್ಟು ಗೀರು. ಅಷ್ಟರಲ್ಲೂ ಒಂದೊಂದು ಸ್ವರ ಬಿಡಿಬಿಡಿಯಾಗಿ ಕೇಳಿಸುತ್ತದಲ್ಲ, ಅದು ಯಂತ್ರದ ಹೆಚ್ಚುಗಾರಿಕೆಯಲ್ಲ, ಗಂಟಲಿನದು.

ಇದಕ್ಕಿಂತ ದೊಡ್ಡ ಸೋಜಿಗ ಇನ್ನೊಂದಿದೆ. ಕಹಳೆಗೆ ಕೇಳಿಸುತ್ತಿದ್ದದ್ದು ಹೆಚ್ಚುಕಡಿಮೆ 170 ಹರ್ಟ್ಸ್‌ನಿಂದ 2000 ಹರ್ಟ್ಸ್‌ವರೆಗಿನ ಕಂಪನಗಳು ಮಾತ್ರ. ಮೇಲಿನದು ಹೋಯಿತು, ಆದ್ದರಿಂದ ಸಕಾರ ಶಕಾರಗಳು ಮಸುಕು. ಕೆಳಗಿನದೂ ಹೋಯಿತು, ಆದ್ದರಿಂದ ಡಗ್ಗಾದ ಗುಂಯ್‌ಗಾರವಿಲ್ಲ, ತಂಬೂರಿಯ ಖರಜವಿಲ್ಲ. ಸರಿ. ಆದರೆ ಹಾರ್ಮೋನಿಯಂನ ಕಪ್ಪು ಒಂದರ ಶ್ರುತಿಯಲ್ಲಿ ಹಾಡುವ ಗಂಡಸಿನ ಮಧ್ಯ ಷಡ್ಜ ಸುಮಾರು 139 ಹರ್ಟ್ಸ್! ಅಂದರೆ ಆಧಾರ ಷಡ್ಜದ ಮೂಲ ಕಂಪನವೇ ಪ್ಲೇಟಿನಲ್ಲಿ ಇಲ್ಲ, ಇದ್ದರೂ ನೆಪಕ್ಕಷ್ಟೇ. ಮತ್ತೆ ನಮಗೆ ಕೇಳಿಸುವುದು ಏನು? ಅದರ ದುಪ್ಪಟ್ಟು, ಮುಪ್ಪಟ್ಟು, ನಾಲ್ಕು ಪಟ್ಟಿನ ಉಪಸ್ವರಗಳು ಗೀರಿನಲ್ಲಿ ಉಳಿದಿವೆ. ಅವುಗಳ ನಡುವಿನ ಅಂತರ ಹಿಡಿದು ನಮ್ಮ ಮಿದುಳು ಇಲ್ಲದ ಷಡ್ಜವನ್ನು ತಾನೇ ಕಟ್ಟಿಕೊಳ್ಳುತ್ತದೆ! ನೂರು ವರ್ಷದ ಹಿಂದಿನ ಉಸ್ತಾದರು ಅರ್ಧ ಹಾಡಿದ್ದಾರೆ, ಉಳಿದರ್ಧವನ್ನು ಕೇಳುಗರು ಇವತ್ತು ತುಂಬಿಕೊಳ್ಳುತ್ತಿದ್ದಾರೆ. ಇದನ್ನು ಓದಿದಾಗ ನಾನು ಪುಸ್ತಕ ಮಡಚಿಟ್ಟು ಒಂದು ಸಲ ಮನೆಯೊಳಗೆಲ್ಲ ಓಡಾಡಿದೆ.

ಹಳೆಯ ರೆಕಾರ್ಡುಗಳ ಶ್ರುತಿ ಯಾವುದೆಂದು ಪತ್ತೆ ಹಚ್ಚುವುದೂ ಒಂದು ಸಾಹಸ. ಆರಂಭದ ಪ್ಲೇಟುಗಳನ್ನೆಲ್ಲ ಕರಾರುವಾಕ್ಕಾಗಿ 78ರ ವೇಗದಲ್ಲೇ ಕೊರೆದಿರಲಿಲ್ಲ. 74ರಲ್ಲಿ ಕೊರೆದದ್ದನ್ನು 78ರಲ್ಲಿ ತಿರುಗಿಸಿದರೆ ಹಾರ್ಮೋನಿಯಂನಲ್ಲಿ ಹತ್ತಿರಹತ್ತಿರ ಒಂದು ಮನೆ ಮೇಲೇರುತ್ತದೆ, ಲಯವೂ ಓಡುತ್ತದೆ. ಹಿನ್ನೆಲೆಯಲ್ಲಿ ಹಾರ್ಮೋನಿಯಂ ಇದ್ದರೆ ಅದರ ಸ್ವರ ಯಾವ ಮನೆಗೆ ಕೂಡುತ್ತದೆ ಎಂದು ನೋಡಿ ವೇಗ ಅಂದಾಜು ಮಾಡಬಹುದು. ಆದರೂ ಆಗಿನ ಹಾರ್ಮೋನಿಯಂಗಳೆಲ್ಲ ಒಂದೇ ಶ್ರುತಿಯವಲ್ಲ. ಕೊನೆಗೆ ‘ಮನುಷ್ಯರ ಗಂಟಲು ಹೀಗಿರುತ್ತದೆಯೇ’ ಎಂಬ ಕಿವಿಯ ತೀರ್ಪೇ ಬೇಕು.

1925ರ ಹೊತ್ತಿಗೆ ಮೈಕ್ ಬಂತು, ಕಹಳೆಯ ಕಾಲ ಮುಗಿಯಿತು. ಗೌಹರ್ ಜಾನ್ 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದು, 1930ರ ಜನವರಿ 17ರಂದು ಮೈಸೂರಿನಲ್ಲೇ ತೀರಿಕೊಂಡರು. ದೇಶದಲ್ಲಿ ಮೊಟ್ಟಮೊದಲು ಕಹಳೆಯ ಮುಂದೆ ನಿಂತ ಬೆರಳೆಣಿಕೆಯ ಕಲಾವಿದರಲ್ಲೊಬ್ಬರು ನಮ್ಮ ಮೈಸೂರಿನ ಮಣ್ಣಿಗೆ ಸೇರಿದ್ದಾರೆ ಎಂಬುದು ಎಷ್ಟು ಜನಕ್ಕೆ ಗೊತ್ತಿದೆ?

ಕಹಳೆಗೂ ಮೈಕಿಗೂ ಹಾಡಿದವರೊಬ್ಬರಿದ್ದಾರೆ, ಉಸ್ತಾದ್ ಅಬ್ದುಲ್ ಕರೀಂ ಖಾನ್. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಕಹಳೆಗೆ, ಮೂವತ್ತರ ದಶಕದ ನಡುವೆ ಮೈಕಿಗೆ. ಒಂದಾದ ಮೇಲೊಂದು ಕೇಳಿ! ಮೊದಲಿನವುಗಳಲ್ಲಿ ಅವಸರವಿದೆ, ಬಲವಿದೆ. ನಂತರದವುಗಳಲ್ಲಿ ಸ್ವರವನ್ನು ಹಚ್ಚಿದ್ದೇ ಗೊತ್ತಾಗದಂಥ ಮೆದುತನ. ಸಮಯ ಆಗಲೂ ಮೂರೇ ನಿಮಿಷ, ಆದರೆ ಅವಸರ ಎಲ್ಲಿಯೂ ಇಲ್ಲ. ಕಿರುಚಬೇಕಿಲ್ಲ ಎಂದು ಗೊತ್ತಾದ ಗಂಟಲು ಮೂರು ನಿಮಿಷವನ್ನು ಹೀಗೆ ಹಿಗ್ಗಿಸುತ್ತದೆ! ಖಾನ್ ಸಾಹೇಬರ ಪ್ಲೇಟೊಂದನ್ನು ಅಂಗಡಿಯಲ್ಲಿ ಕೇಳಿಯೇ ಗದಗಿನ ಹುಡುಗ ಭೀಮಸೇನ ಜೋಶಿ ಹುಚ್ಚು ಹಿಡಿದವನಂತಾಗಿ, 1933ರಲ್ಲಿ ಹನ್ನೊಂದರ ವಯಸ್ಸಿಗೆ ಗುರುವನ್ನು ಹುಡುಕಿ ಮನೆ ಬಿಟ್ಟದ್ದು. ಊರೂರು ಅಲೆದು ಕೊನೆಗೆ ಕಾಲಿಗೆ ಬಿದ್ದದ್ದು ಕುಂದಗೋಳದ ಸವಾಯಿ ಗಂಧರ್ವರಿಗೆ, ಖಾನ್ ಸಾಹೇಬರ ಶಿಷ್ಯರಿಗೆ!

ಅದೇ ಗುರುಗಳ ಇನ್ನೊಬ್ಬ ಶಿಷ್ಯೆ ಗಂಗೂಬಾಯಿ ಹಾನಗಲ್. ಮೂವತ್ತರ ದಶಕದ ಆರಂಭದಲ್ಲಿ ಎಚ್‌ಎಂವಿ ಅವರ ರೆಕಾರ್ಡುಗಳನ್ನು ‘ಗಾಂಧಾರಿ ಹಾನಗಲ್’ ಎಂಬ ಹೆಸರಿನಲ್ಲಿ ಹೊರತಂದಿತು. ಅವನ್ನು ಮೊದಲ ಸಲ ಕೇಳಿದವರು ಪ್ಲೇಟಿನ ವೇಗವೇ ತಪ್ಪಿದೆ ಎಂದುಕೊಳ್ಳುತ್ತಾರೆ, ಅಷ್ಟು ತೆಳು, ಅಷ್ಟು ಎತ್ತರ. ವೇಗ ತಪ್ಪಿಲ್ಲ. ಗಂಟಲ ತೊಂದರೆಗೆ ಚಿಕಿತ್ಸೆಯಾದ ಮೇಲೆ ಅವರ ದನಿಯೇ ಬದಲಾಯಿತು. ನಾವು ಬಲ್ಲ, ಗಂಡುದನಿಯಂತೆ ಗುಡುಗುವ ಗಂಗಜ್ಜಿಯ ಕಂಠ ಆಮೇಲಿನದು. ಆ ಕಂಠದಲ್ಲೇ ಅವರು ದಶಕಗಟ್ಟಲೆ ಹಾಡಿದರು. ಮೊದಲಿನ ಕಂಠ ಇರುವುದು ಆ ಮೂರು ಮೂರು ನಿಮಿಷದ ಪ್ಲೇಟುಗಳಲ್ಲಿ ಮಾತ್ರ. ಎರಡನ್ನೂ ಒಟ್ಟಿಗೆ ಕೇಳಿ, ಸ್ವರ ಹಚ್ಚುವ ಆ ಹಟ ಎರಡರಲ್ಲೂ ಒಂದೇ!