ಒಂದು ಹಗಲಿನಲ್ಲಿ ಬೆಂಗಳೂರು

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ಹಿರಿಯರು ಹೇಳುತ್ತಾರೆ. ಆದರೆ ಬೆಂಗಳೂರನ್ನು ಒಂದೇ ಹಗಲಿನಲ್ಲಿ ಸುತ್ತಿ ಬಂದವರನ್ನು ಏನು ನೋಡಿದಿರೆಂದು ಕೇಳಿದರೆ, ಹತ್ತು ಹೆಸರು ಹೇಳಿ ಸುಮ್ಮನಾಗುತ್ತಾರೆ. ನೋಡಿದ್ದು ಮನಸ್ಸಿನಲ್ಲಿ ನಿಲ್ಲಬೇಕಾದರೆ ಒಂದು ಎಳೆಯನ್ನು ಹಿಡಿದು ನೋಡಬೇಕು. ನಂಗವಳ್ಳಿಯ ಕಡೆಯವರಾದ ನಮಗೆ ಅಂಥ ಎಳೆಯೆಂದರೆ ನೀರು.

ನಸುಕಿನಲ್ಲಿ ಹೊರಟು ಮೇಚೇರಿ, ತೊಪ್ಪೂರು, ಧರ್ಮಪುರಿಗಳನ್ನು ದಾಟಿದರೆ ಕಾವೇರಿಪಟ್ಟಣದ ಬಳಿ ಒಂದು ಹೊಳೆ ಸಿಗುತ್ತದೆ. ಅದೇ ದಕ್ಷಿಣ ಪಿನಾಕಿನಿ, ತಮಿಳಿನಲ್ಲಿ ತೆನ್‌ಪೆಣ್ಣೆ. ಈ ಹೆಸರನ್ನು ನೆನಪಿನಲ್ಲಿಟ್ಟುಕೊಂಡು ಕೃಷ್ಣಗಿರಿ, ಹೊಸೂರುಗಳ ಮಾರ್ಗವಾಗಿ ಮುಂದೆ ಸಾಗೋಣ. ಬೆಂಗಳೂರು ಇರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿ.

ಮೊದಲು ಲಾಲ್‌ಬಾಗ್. 1760ರಲ್ಲಿ ಹೈದರಾಲಿ ಆರಂಭಿಸಿದ ಈ ತೋಟ ಇಂದು ಸುಮಾರು 240 ಎಕರೆ ವಿಸ್ತಾರವಾಗಿದೆ. ಇಲ್ಲಿಯ ಗಾಜಿನ ಮನೆಗೆ ಅಡಿಗಲ್ಲು ಹಾಕಿದ್ದು 1889ರಲ್ಲಿ. ತೋಟದೊಳಗಿನ ಹಾಸುಬಂಡೆಗೆ ಸುಮಾರು 300 ಕೋಟಿ ವರ್ಷಗಳ ವಯಸ್ಸು. ಅದರ ಮೇಲೆ ಕೆಂಪೇಗೌಡರ ಹೆಸರಿನ ಗೋಪುರವಿದೆ. ಲಾಲ್‌ಬಾಗ್ ಕೆರೆಯ ಕಡೆಯ ನೀರು ಪೂರ್ವಕ್ಕೆ ಇಳಿದು, ಬೆಳ್ಳಂದೂರು, ವರ್ತೂರು ಕೆರೆಗಳ ಮೂಲಕ ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ಬೆಳಿಗ್ಗೆ ನಾವು ದಾಟಿದ ಹೊಳೆ ಅದೇ!

ಸಮೀಪದಲ್ಲೇ ಬಸವನಗುಡಿ. ಇಲ್ಲಿಯ ದೊಡ್ಡ ಬಸವ ಒಂದೇ ಕಲ್ಲಿನದು. ಕಾರ್ತಿಕ ಮಾಸದ ಕೊನೆಯ ಸೋಮವಾರ ಇಲ್ಲಿ ಕಡಲೇಕಾಯಿ ಪರಿಷೆ ನಡೆಯುತ್ತದೆ. ಬಸವನ ಪಾದದಲ್ಲಿ ಹುಟ್ಟಿತೆಂದು ಜನ ನಂಬಿರುವ ಹೊಳೆಗೆ ವೃಷಭಾವತಿ ಎಂದು ಹೆಸರು. ಅದು ಪಶ್ಚಿಮಕ್ಕೆ ಹರಿದು ಅರ್ಕಾವತಿಯನ್ನೂ, ಅರ್ಕಾವತಿಯು ಕನಕಪುರದಾಚೆಯ ಸಂಗಮದಲ್ಲಿ ಕಾವೇರಿಯನ್ನೂ ಸೇರುತ್ತವೆ. ಮುಂದೆ ಹೊಗೇನಕಲ್ಲು; ಅದರ ಮುಂದೆ ನಮ್ಮ ಮೆಟ್ಟೂರು.

ಮಧ್ಯಾಹ್ನ ಊಟವಾದ ಮೇಲೆ ಕಬ್ಬನ್ ಪಾರ್ಕು, ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ, 1956ರಲ್ಲಿ ಮುಗಿದ ವಿಧಾನಸೌಧ ಇವುಗಳನ್ನು ನೋಡಬಹುದು. ಅಲ್ಲಿ ಬಾಯಾರಿ ನಲ್ಲಿ ತಿರುಗಿಸಿದರೆ ಬರುವುದೂ ಬಹುಮಟ್ಟಿಗೆ ಕಾವೇರಿಯೇ. 1974ರಿಂದ ತೊರೆಕಾಡನಹಳ್ಳಿಯ ಯಂತ್ರಗಳು ಈ ನೀರನ್ನು ಸುಮಾರು ಅರ್ಧ ಕಿಲೋಮೀಟರು ಎತ್ತರಕ್ಕೆ, ನೂರು ಕಿಲೋಮೀಟರು ದೂರಕ್ಕೆ ತಳ್ಳುತ್ತಿವೆ. 1924ರಲ್ಲಿ ಮೈಸೂರು, ಮದರಾಸು ಸರಕಾರಗಳು ಮಾಡಿಕೊಂಡ ಒಪ್ಪಂದದ ಪ್ರಕಾರ ಇದೇ ನದಿಗೆ ಮೆಟ್ಟೂರಿನಲ್ಲಿ ಕಟ್ಟಿದ ಅಣೆಕಟ್ಟು 1934ರಲ್ಲಿ ಪೂರ್ಣವಾಯಿತು.

ಹೀಗೆ ನಗರವು ಮೇಲಿನಿಂದ ಶುದ್ಧ ನೀರನ್ನು ಪಡೆದು, ಬಳಸಿದ ನೀರನ್ನು ಎರಡು ದಿಕ್ಕಿಗೂ ಬಿಡುತ್ತದೆ. ಆ ನೀರೆಲ್ಲವೂ ಶುದ್ಧಿಯಾಗಿ ಬರುವುದಿಲ್ಲ. ವೃಷಭಾವತಿ ಕಪ್ಪಾಗಿ ಹರಿಯುತ್ತದೆ. ಪಿನಾಕಿನಿಯ ನೊರೆ ಹೊಸೂರಿನ ಕೆಲವರಪಳ್ಳಿ ಅಣೆಕಟ್ಟೆಯವರೆಗೂ ಬಂದದ್ದುಂಟು. ಕೆಳಗೆ ಈ ನೀರಿನಿಂದ ಬೆಳೆ ಬೆಳೆಯುವವರಿದ್ದಾರೆ, ಮೀನು ಹಿಡಿಯುವವರಿದ್ದಾರೆ. ಸೇಲಂ ನಗರ ಕುಡಿಯುವುದು ಮೆಟ್ಟೂರಿನ ನೀರನ್ನೇ.

ಆದ್ದರಿಂದ ಬೆಂಗಳೂರು ನಮಗೆ ಬರಿಯ ನೋಟದ ಊರಲ್ಲ, ಹೊಳೆಯ ಮೇಲಿನ ನೆರೆಮನೆ. ಅಲ್ಲಿ ಮೋರಿಗೆ ಚೆಲ್ಲಿದ್ದು ಒಂದು ದಿನ ಇಲ್ಲಿಯ ಕೊಡಕ್ಕೆ ಬರಬಹುದು. ನಮಗೂ ಕೆಳಗೆ ಈರೋಡು, ತಿರುಚ್ಚಿ, ತಂಜಾವೂರುಗಳಿವೆ. ರಾತ್ರಿ ಹಿಂದಿರುಗುವಾಗ ಕಾವೇರಿಪಟ್ಟಣದ ಸೇತುವೆ ಬಂದಾಗ ಎಚ್ಚರವಾಗಿದ್ದು ಕಿಟಕಿಯಾಚೆ ಒಮ್ಮೆ ನೋಡಿರಿ. ಹಗಲೆಲ್ಲ ನೋಡಿದ ಊರಿನ ಒಂದು ಪಾಲು ನಿಮ್ಮ ಜೊತೆಯಲ್ಲೇ ಹರಿದು ಬಂದಿರುತ್ತದೆ.