ಜಲಾನಯನ ಪುನಶ್ಚೇತನ ಮತ್ತು ಪರಿಸರ ಶಿಕ್ಷಣ: ಸೇವಾ ತಂಡದ ನಾಯಕರಿಗೆ ಹಾಗೂ ಗ್ರಾಮಸ್ಥರಿಗೆ ಮಾಹಿತಿ

ಪೀಠಿಕೆ

ಬಿದ್ದ ಮಳೆನೀರು ಬಿದ್ದಲ್ಲಿಯೇ ಇಂಗುವಂತೆ ಮಾಡುವುದು ಹಾಗೂ ಫಲವತ್ತಾದ ಮೇಲ್ಮಣ್ಣು ಕೊಚ್ಚಿಹೋಗದಂತೆ ತಡೆಯುವುದು ಜಲಾನಯನ ಅಭಿವೃದ್ಧಿಯ ಮೂಲ ಉದ್ದೇಶವಾಗಿದೆ. ಮಳೆಯಾಶ್ರಿತ ಒಣಭೂಮಿಯ ವಿಸ್ತೀರ್ಣದಲ್ಲಿ ಕರ್ನಾಟಕವು ರಾಜಸ್ಥಾನದ ನಂತರ ದೇಶದಲ್ಲಿ ಎರಡನೆಯ ಸ್ಥಾನದಲ್ಲಿರುವುದರಿಂದ ರಾಜ್ಯದ ಪಾಲಿಗೆ ಈ ಕಾರ್ಯವು ವಿಶೇಷ ಮಹತ್ವ ಪಡೆದಿದೆ. ರಾಷ್ಟ್ರೀಯ ಸೇವಾ ಯೋಜನೆಯ (ಎನ್.ಎಸ್.ಎಸ್.) ಘಟಕಗಳು ಮತ್ತು ಯುವಕ-ಯುವತಿ ಮಂಡಳಿಗಳು ಶ್ರಮದಾನದ ಮೂಲಕ ಈ ಕಾರ್ಯದಲ್ಲಿ ಪಾಲ್ಗೊಳ್ಳುತ್ತಿವೆ. ಅಂತಹ ತಂಡವನ್ನು ಮುನ್ನಡೆಸುವವರಿಗೂ, ತಮ್ಮ ಊರಿಗೆ ತಂಡವನ್ನು ಆಹ್ವಾನಿಸಬಯಸುವ ಗ್ರಾಮಸ್ಥರಿಗೂ ಅಗತ್ಯವಾದ ಮಾಹಿತಿಯನ್ನು ಇಲ್ಲಿ ನೀಡಲಾಗಿದೆ.

ಸೇವಾ ತಂಡದ ಸ್ವರೂಪ

ರಾಷ್ಟ್ರೀಯ ಸೇವಾ ಯೋಜನೆಯು 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾಲಯಗಳಲ್ಲಿ ಆರಂಭವಾಯಿತು. ಇದರ ಸ್ವಯಂಸೇವಕರು ವರ್ಷಕ್ಕೆ 120 ಗಂಟೆಗಳಂತೆ ಎರಡು ವರ್ಷಗಳಲ್ಲಿ 240 ಗಂಟೆಗಳ ನಿಯಮಿತ ಸೇವೆ ಸಲ್ಲಿಸುತ್ತಾರೆ. ಇದಲ್ಲದೆ, ಆಯ್ದ ಗ್ರಾಮದಲ್ಲಿ ಏಳು ದಿನಗಳ ವಾರ್ಷಿಕ ವಿಶೇಷ ಶಿಬಿರವನ್ನು ನಡೆಸಲಾಗುತ್ತದೆ. ಘಟಕದ ಹೊಣೆ ಹೊತ್ತ ಅಧ್ಯಾಪಕರನ್ನು ಕಾರ್ಯಕ್ರಮಾಧಿಕಾರಿ ಎಂದು ಕರೆಯಲಾಗುತ್ತದೆ. ವಿದ್ಯಾರ್ಥಿಗಳಿಂದ ಆಯ್ಕೆಯಾದ ತಂಡನಾಯಕರು ಅವರಿಗೆ ನೆರವಾಗುತ್ತಾರೆ.

ಏಳು ದಿನಗಳು ಅಲ್ಪಾವಧಿ. ಕಂದಕ, ಬದು ಹಾಗೂ ಕಲ್ಲುತಡೆಗಳು ಮುಂದಿನ ಅನೇಕ ಮಳೆಗಾಲಗಳನ್ನು ತಾಳಿಕೊಳ್ಳಬೇಕಾಗುತ್ತದೆ. ಆದುದರಿಂದ ಹೆಚ್ಚು ಕೆಲಸ ಮಾಡಿಸುವುದಕ್ಕಿಂತ, ಸರಿಯಾದ ಕೆಲಸವನ್ನು ಸರಿಯಾದ ಕ್ರಮದಲ್ಲಿ ಮಾಡಿಸಿ ಅದನ್ನು ಊರಿನವರ ಕೈಗೆ ಒಪ್ಪಿಸುವುದು ನಾಯಕರ ಮುಖ್ಯ ಜವಾಬ್ದಾರಿಯಾಗಿರುತ್ತದೆ. ಹೆಚ್ಚುವರಿ ನೀರು ಹೊರಹೋಗಲು ದಾರಿಯಿಲ್ಲದೆ ಕಟ್ಟಿದ ಬದುವು ಮೊದಲ ದೊಡ್ಡ ಮಳೆಗೇ ಒಡೆದು, ಕೆಳಗಿನ ರೈತರ ಬೆಳೆ ಮತ್ತು ಮಣ್ಣನ್ನು ಕೊಚ್ಚಿಕೊಂಡು ಹೋಗಬಲ್ಲದು. ತಪ್ಪಾಗಿ ಕಟ್ಟಿದ ಬದುವಿಗಿಂತ ಬದುವಿಲ್ಲದಿರುವುದೇ ಲೇಸು ಎಂಬುದನ್ನು ತಂಡದ ಪ್ರತಿಯೊಬ್ಬ ಸದಸ್ಯರೂ ಅರಿತಿರಬೇಕು.

ಮೇಲಿನಿಂದ ಕೆಳಕ್ಕೆ: ಕಾಮಗಾರಿಯ ಕ್ರಮ

ಒಂದು ಪ್ರದೇಶದಲ್ಲಿ ಬಿದ್ದ ಮಳೆನೀರು ಹರಿದು ಒಂದೇ ಹಳ್ಳವನ್ನು ಅಥವಾ ಕೆರೆಯನ್ನು ಸೇರುವುದಾದರೆ ಆ ಇಡೀ ಪ್ರದೇಶವನ್ನು ಜಲಾನಯನ ಪ್ರದೇಶವೆನ್ನುತ್ತಾರೆ. ಸುಮಾರು 500 ಹೆಕ್ಟೇರ್ ವಿಸ್ತೀರ್ಣದ ಘಟಕವನ್ನು ಕಿರು ಜಲಾನಯನವೆಂದು ಪರಿಗಣಿಸಲಾಗುತ್ತದೆ. ಇಲ್ಲಿ ಕೆಲಸವು ದಿಬ್ಬದಿಂದ ಆರಂಭವಾಗಿ ಇಳಿಜಾರಿನ ಹೊಲಗಳ ಮೂಲಕ ಹಳ್ಳಕ್ಕೆ ಇಳಿಯಬೇಕು. ಇದರ ಕಾರಣವನ್ನು ಸರಳ ಲೆಕ್ಕದಿಂದ ತಿಳಿಯಬಹುದು.

ಒಂದು ಚದರ ಮೀಟರ್ ನೆಲದ ಮೇಲೆ 1 ಮಿ.ಮೀ. ಮಳೆ ಬಿದ್ದರೆ ಅದು 1 ಲೀಟರ್ ನೀರಾಗುತ್ತದೆ. ಒಂದು ಹೆಕ್ಟೇರಿನಲ್ಲಿ 20 ಮಿ.ಮೀ. ಮಳೆಯಾದರೆ 2 ಲಕ್ಷ ಲೀಟರ್ ನೀರು ಬಿದ್ದಂತಾಯಿತು. ಅದರ ನಾಲ್ಕನೇ ಒಂದು ಭಾಗ ಹರಿದುಹೋಗುವುದೆಂದು ಭಾವಿಸಿದರೆ ಹರಿವು 50,000 ಲೀಟರ್ ಆಗುತ್ತದೆ. 3 ಮೀಟರ್ ಉದ್ದ, ಅರ್ಧ ಮೀಟರ್ ಅಗಲ ಮತ್ತು ಅರ್ಧ ಮೀಟರ್ ಆಳದ ಕಂದಕವು ಒಮ್ಮೆ ತುಂಬಿದಾಗ 750 ಲೀಟರ್ ಹಿಡಿಯುತ್ತದೆ. ಎಂದರೆ ಇಂತಹ ಸುಮಾರು 67 ಕಂದಕಗಳಿದ್ದಲ್ಲಿ ಆ ಒಂದು ಹೆಕ್ಟೇರಿನ ಹರಿವನ್ನು ಅಲ್ಲಿಯೇ ಹಿಡಿದಿಡಬಹುದು. ಆದರೆ ಮೇಲಿನ 100 ಹೆಕ್ಟೇರಿನ ನೀರು ತಡೆಯಿಲ್ಲದೆ ಇಳಿದು ಬಂದರೆ ಹಳ್ಳದಲ್ಲಿ 50 ಲಕ್ಷ ಲೀಟರ್ ನುಗ್ಗುತ್ತದೆ. ಅಷ್ಟು ನೀರನ್ನು ಶಿಬಿರದಲ್ಲಿ ಜೋಡಿಸಿದ ಯಾವ ಕಲ್ಲುತಡೆಯೂ ತಾಳಲಾರದು. ಭಾವಚಿತ್ರಕ್ಕೆ ಹಳ್ಳದ ಕಟ್ಟೆ ಚೆಂದ ಕಾಣಬಹುದು. ಆದರೆ ಅದನ್ನು ಉಳಿಸುವುದು ದಿಬ್ಬದ ಮೇಲಿನ ಕಂದಕಗಳು.

ಶಿಬಿರಕ್ಕೆ ಮುನ್ನ ಕೈಗೊಳ್ಳಬೇಕಾದ ಕ್ರಮಗಳು

1. ನೆಲದ ಒಡೆತನ ತಿಳಿಯುವುದು: ಸರ್ವೆ ನಂಬರು ಮತ್ತು ಪಹಣಿ ನೋಡಿ ಜಮೀನು ಯಾರದೆಂದು ಖಚಿತಪಡಿಸಿಕೊಳ್ಳಬೇಕು. ನಿಂತ ಸ್ಥಳದ ಸರ್ವೆ ನಂಬರನ್ನು ಮೊಬೈಲಿನ ದಿಶಾಂಕ್ ಆ್ಯಪ್ ಮೂಲಕ ಅರಿಯಬಹುದು. ಖಾಸಗಿ ಜಮೀನಾದರೆ ರೈತರ ಲಿಖಿತ ಒಪ್ಪಿಗೆ, ಗ್ರಾಮದ ಸಾಮೂಹಿಕ ಜಾಗವಾದರೆ ಗ್ರಾಮ ಪಂಚಾಯಿತಿಯ ಅನುಮತಿ ಹಾಗೂ ಅರಣ್ಯ ಭೂಮಿಯಾದರೆ ಅರಣ್ಯ ಇಲಾಖೆಯ ಅನುಮತಿ ಅಗತ್ಯ. 40ರಿಂದ 2,000 ಹೆಕ್ಟೇರ್ ಅಚ್ಚುಕಟ್ಟುಳ್ಳ ಕೆರೆಗಳು ಸಣ್ಣ ನೀರಾವರಿ ಇಲಾಖೆಯ ವ್ಯಾಪ್ತಿಗೆ ಬರುತ್ತವೆ. ಕೆರೆಯ ಏರಿ, ತೂಬು ಮತ್ತು ಕೋಡಿಗಳನ್ನು ತಂಡವು ತಾನಾಗಿ ಮುಟ್ಟಬಾರದು.

2. ಊರಿನವರ ಮಾತು ಕೇಳುವುದು: ಜೋರು ಮಳೆಯಲ್ಲಿ ನೀರು ಎಲ್ಲಿ ನುಗ್ಗುತ್ತದೆ, ಯಾವ ಬಾವಿ ಮೊದಲು ಬತ್ತುತ್ತದೆ ಎಂಬುದು ಹಿರಿಯ ರೈತರಿಗೆ, ನೀರುಗಂಟಿಗಳಿಗೆ ಮತ್ತು ನೀರು ಹೊರುವ ಮಹಿಳೆಯರಿಗೆ ತಿಳಿದಿರುತ್ತದೆ. ಅವರೊಡನೆ ದಿಬ್ಬದಿಂದ ಹಳ್ಳದವರೆಗೆ ಒಮ್ಮೆ ನಡೆದು ನಕ್ಷೆ ಬರೆದುಕೊಳ್ಳಬೇಕು.

3. ಕುರಿಗಾಹಿಗಳನ್ನು ಮರೆಯದಿರುವುದು: ಗೋಮಾಳದಲ್ಲಿ ಸಸಿ ನೆಟ್ಟು ಮೇಯಿಸುವುದನ್ನು ನಿಲ್ಲಿಸಿದರೆ ಭೂಮಿಯಿಲ್ಲದ ಕುರಿಗಾಹಿ ಕುಟುಂಬಗಳು ಮೇವು ಕಳೆದುಕೊಳ್ಳುತ್ತವೆ. ಅವರನ್ನು ಸಭೆಗೆ ಕರೆದು, ಯಾವ ಭಾಗ ಎಷ್ಟು ಕಾಲ ಮುಚ್ಚಿರಬೇಕು, ಯಾವ ಭಾಗ ತೆರೆದಿರಬೇಕು ಎಂಬುದನ್ನು ಅವರೊಂದಿಗೇ ನಿರ್ಧರಿಸಬೇಕು. ಅವರ ಒಪ್ಪಿಗೆಯಿಲ್ಲದ ನೆಡುತೋಪು ಬಹುಕಾಲ ಉಳಿಯುವುದಿಲ್ಲ.

4. ಕಾಲ ನಿಗದಿ: ಅಗೆಯುವ ಮತ್ತು ಕಲ್ಲು ಜೋಡಿಸುವ ಕೆಲಸಗಳು ಕೊಯ್ಲಿನ ನಂತರ, ಮುಂಗಾರಿಗೆ ಮೊದಲು ಮುಗಿಯಬೇಕು. ಸಸಿ ನೆಡುವುದನ್ನು ಮಳೆ ಹಿಡಿದ ಮೇಲೆ ಕೈಗೊಳ್ಳಬೇಕು.

2001ರಿಂದ 2009ರವರೆಗೆ ವಿಶ್ವಬ್ಯಾಂಕ್ ನೆರವಿನಿಂದ ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ ಮತ್ತು ಧಾರವಾಡ ಜಿಲ್ಲೆಗಳಲ್ಲಿ ನಡೆದ ಸುಜಲ ಯೋಜನೆಯಲ್ಲಿ ಗ್ರಾಮ ಮಟ್ಟದ ಗುಂಪುಗಳೊಂದಿಗೇ ಕ್ರಿಯಾ ಯೋಜನೆ ರೂಪಿಸಿ, ರೈತರಿಂದಲೂ ವಂತಿಗೆ ಪಡೆಯಲಾಗಿತ್ತು. ಊರಿನವರನ್ನು ಮೊದಲು ಕೂಡಿಸಿಕೊಳ್ಳುವ ಈ ಕ್ರಮವು ಏಳು ದಿನಗಳ ಶಿಬಿರಕ್ಕೂ ಅನ್ವಯಿಸುತ್ತದೆ.

ಸ್ಥಳದಲ್ಲಿ ಗಮನಿಸಬೇಕಾದ ತಾಂತ್ರಿಕ ಅಂಶಗಳು

• ಕಂದಕಗಳನ್ನು ಇಳಿಜಾರಿಗೆ ಅಡ್ಡಲಾಗಿ, ಸಮಪಾತಳಿ ರೇಖೆಯ ಮೇಲೆ ತೋಡಬೇಕು. ಮೂರು ಕೋಲು, ಒಂದು ದಾರ ಮತ್ತು ಒಂದು ಕಲ್ಲಿನಿಂದ ಮಾಡಿದ 'ಎ' ಆಕಾರದ ಚೌಕಟ್ಟಿನಿಂದ ಈ ರೇಖೆಯನ್ನು ಗುರುತಿಸಬಹುದು. ರೇಖೆ ಓರೆಯಾದರೆ ಕಂದಕವೇ ಕಾಲುವೆಯಾಗಿ ಹೊಸ ಕೊರಕಲನ್ನು ಉಂಟುಮಾಡುತ್ತದೆ.
• ಅಗೆದ ಮಣ್ಣನ್ನು ಕಂದಕದ ಕೆಳಬದಿಗೆ, ಅಂಚಿನಿಂದ ಸ್ವಲ್ಪ ಅಂತರ ಬಿಟ್ಟು ಹಾಕಬೇಕು.
• ಪ್ರತಿಯೊಂದು ಬದುವಿಗೂ ಹೆಚ್ಚುವರಿ ನೀರು ಹೊರಹೋಗಲು ಕಲ್ಲು ಹಾಸಿದ ಕೋಡಿಯಿರಬೇಕು. ಅದು ಬದುವಿನ ನೆತ್ತಿಗಿಂತ ತಗ್ಗಿನಲ್ಲಿರಬೇಕು.
• ಕೊರಕಲಿನ ಕಲ್ಲುತಡೆಯು ನಡುವೆ ತಗ್ಗಾಗಿಯೂ ಎರಡೂ ಬದಿಗಳಲ್ಲಿ ಎತ್ತರವಾಗಿಯೂ ಇದ್ದು, ದಂಡೆಯೊಳಗೆ ಹುದುಗಿರಬೇಕು. ಇಲ್ಲವಾದರೆ ನೀರು ಬದಿಯಿಂದ ದಂಡೆಯನ್ನು ಕೊರೆಯುತ್ತದೆ. ನೀರು ಧುಮುಕುವ ಜಾಗದಲ್ಲಿ ಕಲ್ಲು ಹಾಸಬೇಕು.
• ಕೆಳಗಿನ ತಡೆಯ ನೆತ್ತಿಯು ಮೇಲಿನ ತಡೆಯ ಬುಡದ ಮಟ್ಟಕ್ಕೆ ಬರುವಂತೆ ಅಂತರ ಇಡಬೇಕು.
• ಬದುಗಳ ಮೇಲೆ ಲಾವಂಚ ಅಥವಾ ಸ್ಥಳೀಯ ಹುಲ್ಲನ್ನು, ಬದಿಯಲ್ಲಿ ಹೊಂಗೆ, ಬೇವುಗಳನ್ನು ಬೆಳೆಸುವುದು ಸೂಕ್ತ.

ಕಾಮಗಾರಿಯ ಸ್ಥಳ ಮತ್ತು ಅಳತೆಗಳನ್ನು ಕೃಷಿ ಅಥವಾ ಜಲಾನಯನ ಸಿಬ್ಬಂದಿಗೆ ತೋರಿಸಿ, ಅವರು ಒಪ್ಪಿದ ನಂತರವೇ ಗುದ್ದಲಿ ಹಿಡಿಯತಕ್ಕದ್ದು.

ತಂಡದ ನಿರ್ವಹಣೆ ಮತ್ತು ಸುರಕ್ಷತೆ

ಸ್ವಯಂಸೇವಕರನ್ನು ಹತ್ತು ಜನರ ಗುಂಪುಗಳಾಗಿ ವಿಂಗಡಿಸಿ, ರೇಖೆ ಗುರುತಿಸುವುದು, ಅಗೆಯುವುದು, ಕಲ್ಲು ಜೋಡಿಸುವುದು, ಶಾಲಾ ಕಾರ್ಯಕ್ರಮ ಮತ್ತು ಅಡುಗೆ ಕೆಲಸಗಳನ್ನು ಸರದಿಯಂತೆ ಹಂಚಬೇಕು. ಯುವಕರಿಗೆ ಗುದ್ದಲಿ, ಯುವತಿಯರಿಗೆ ಅಡುಗೆ ಎಂಬ ಭೇದ ಸಲ್ಲದು. ಶ್ರಮದ ಕೆಲಸವನ್ನು ಬೆಳಗಿನ ಹೊತ್ತಿನಲ್ಲಿ ಮುಗಿಸಿ, ಬಿಸಿಲೇರಿದಾಗ ನಿಲ್ಲಿಸಬೇಕು. ಕುಡಿಯುವ ನೀರು ಮತ್ತು ಪ್ರಥಮ ಚಿಕಿತ್ಸಾ ಪೆಟ್ಟಿಗೆ ಕೆಲಸದ ಸ್ಥಳದಲ್ಲಿಯೇ ಇರಬೇಕು. ಕೆರೆ, ಬಾವಿ ಹಾಗೂ ಕಲ್ಲುಗಣಿಯ ಹೊಂಡಗಳಿಗೆ ಯಾರೂ ಇಳಿಯದಂತೆ ನಾಯಕರು ಕಟ್ಟುನಿಟ್ಟಾಗಿ ನೋಡಿಕೊಳ್ಳಬೇಕು. ಕಲ್ಲು ಎತ್ತುವ ಮುನ್ನ ಕೋಲಿನಿಂದ ಸರಿಸಿ ನೋಡಬೇಕು. ಹಾವು ಕಚ್ಚಿದಲ್ಲಿ ಗಾಯವನ್ನು ಕೊಯ್ಯದೆ, ಬಿಗಿಯಾಗಿ ಕಟ್ಟದೆ, ಕಚ್ಚಿದ ಭಾಗವನ್ನು ಅಲುಗಾಡಿಸದೆ 108 ಆಂಬ್ಯುಲೆನ್ಸ್ ಮೂಲಕ ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು.

ಪರಿಸರ ಶಿಕ್ಷಣ

ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1991ರ ನವೆಂಬರ್ 22ರಂದು ನೀಡಿದ ತೀರ್ಪು ಪರಿಸರ ಶಿಕ್ಷಣವನ್ನು ಕಡ್ಡಾಯ ವಿಷಯವಾಗಿಸಲು ದಾರಿ ಮಾಡಿತು. ಆದರೆ ಪಠ್ಯದಲ್ಲಿ ಓದಿದ್ದನ್ನು ತಮ್ಮೂರಿನ ನೆಲದಲ್ಲಿ ಕಂಡಾಗ ಮಕ್ಕಳಿಗೆ ಅದು ಮನದಟ್ಟಾಗುತ್ತದೆ. ಭಾಷಣಕ್ಕಿಂತ ಕೆಳಗಿನ ಚಟುವಟಿಕೆಗಳು ಹೆಚ್ಚು ಪರಿಣಾಮಕಾರಿ:

1. ಎರಡು ತಟ್ಟೆಗಳನ್ನು ಓರೆಯಾಗಿಟ್ಟು, ಒಂದರಲ್ಲಿ ಬರಿಯ ಮಣ್ಣು, ಇನ್ನೊಂದರಲ್ಲಿ ಹುಲ್ಲಿರುವ ಮಣ್ಣು ಇರಿಸಿ ಒಂದೇ ಅಳತೆಯ ನೀರು ಸುರಿಯುವುದು. ಹರಿದು ಬಂದ ನೀರಿನ ಬಣ್ಣ ಮತ್ತು ಪ್ರಮಾಣವನ್ನು ಮಕ್ಕಳೇ ಹೋಲಿಸಲಿ.
2. ಬಾಯಿಯಿಂದ ಬುಡದವರೆಗೆ ಒಂದೇ ಅಗಲವಿರುವ, ಸಮತಟ್ಟಾದ ತಳದ ಪಾತ್ರೆಯನ್ನು ಬಯಲಿನಲ್ಲಿಟ್ಟು, ಪ್ರತಿದಿನ ಬೆಳಿಗ್ಗೆ ನಿಗದಿತ ವೇಳೆಗೆ ಮಳೆಯನ್ನು ಅಳತೆಪಟ್ಟಿಯಿಂದ ಅಳೆದು ಬರೆಯುವುದು.
3. ಶಾಲೆಯ ಹತ್ತಿರದ ಬಾವಿಯ ನೀರಿನ ಮಟ್ಟವನ್ನು ಶಿಕ್ಷಕರು ಪ್ರತಿ ತಿಂಗಳು ಒಂದೇ ದಿನ ಹಗ್ಗದಿಂದ ಅಳೆದು, ಮಕ್ಕಳು ಗೋಡೆಯ ಪಟ್ಟಿಯಲ್ಲಿ ದಾಖಲಿಸುವುದು.

ಮಳೆ ಮತ್ತು ಬಾವಿಯ ಪಟ್ಟಿಗಳು ಶಿಬಿರ ಮುಗಿದ ನಂತರವೂ ಮುಂದುವರಿಯಬಲ್ಲವು. ಕೆಲಸದಿಂದ ಪ್ರಯೋಜನವಾಯಿತೇ ಎಂಬುದನ್ನು ಊರಿನವರೇ ನೋಡಲು ಅವು ನೆರವಾಗುತ್ತವೆ. ಅಗೆಯುವ ಮತ್ತು ಕಲ್ಲು ಹೊರುವ ಕೆಲಸಕ್ಕೆ ಶಾಲಾ ಮಕ್ಕಳನ್ನು ಬಳಸತಕ್ಕದ್ದಲ್ಲ.

ಹಸ್ತಾಂತರ ಮತ್ತು ನಿರ್ವಹಣೆ

ಶಿಬಿರದ ಕೊನೆಯ ದಿನ ಗ್ರಾಮಸ್ಥರ ಸಭೆ ಕರೆದು, ಮಾಡಿದ ಕಾಮಗಾರಿಗಳ ಪಟ್ಟಿ, ನಕ್ಷೆ ಮತ್ತು ಅಳತೆಗಳನ್ನು ಗ್ರಾಮ ಪಂಚಾಯಿತಿಗೆ ಲಿಖಿತವಾಗಿ ಒಪ್ಪಿಸಬೇಕು. ಯಾವ ಕಾಮಗಾರಿಯನ್ನು ಯಾರು ನೋಡಿಕೊಳ್ಳುವರೆಂಬುದು ಅದೇ ಸಭೆಯಲ್ಲಿ ನಿಶ್ಚಯವಾಗಬೇಕು. ಮುಂಗಾರಿನ ಮೊದಲ ದೊಡ್ಡ ಮಳೆಯ ನಂತರ ತಂಡದ ಇಬ್ಬರು ಮೂವರಾದರೂ ಗ್ರಾಮಕ್ಕೆ ಮರಳಿ, ಕೋಡಿಯಲ್ಲಿ ನೀರು ಸರಾಗವಾಗಿ ಹೋಗಿದೆಯೇ, ತಡೆಯ ಬದಿ ಕೊರೆದಿದೆಯೇ, ಕಂದಕದಲ್ಲಿ ಎಷ್ಟು ಹೂಳು ತುಂಬಿದೆ ಎಂಬುದನ್ನು ಪರಿಶೀಲಿಸಬೇಕು. ಆಗ ಕಂಡ ಸಣ್ಣ ಬಿರುಕನ್ನು ಒಂದು ಬುಟ್ಟಿ ಮಣ್ಣಿನಿಂದ ಮುಚ್ಚಬಹುದು. ನಿರ್ಲಕ್ಷಿಸಿದರೆ ಮುಂದಿನ ಮಳೆಯಲ್ಲಿ ಇಡೀ ಬದುವೇ ಹೋಗಬಹುದು.

ಮನವಿ ಸಲ್ಲಿಸುವವರ ಗಮನಕ್ಕೆ

ತಂಡದ ಸೇವೆ ಬಯಸುವ ಗ್ರಾಮಸ್ಥರು ಗ್ರಾಮ ಪಂಚಾಯಿತಿಯ ಮೂಲಕ ಸಮೀಪದ ಕಾಲೇಜಿನ ಎನ್.ಎಸ್.ಎಸ್. ಕಾರ್ಯಕ್ರಮಾಧಿಕಾರಿಯವರನ್ನು ಕೋರಬಹುದು. ಮನವಿಯಲ್ಲಿ ಸ್ಥಳದ ಸರ್ವೆ ನಂಬರು, ಕೈಗೊಳ್ಳಬೇಕಾದ ಕೆಲಸ, ಜಮೀನಿನವರ ಒಪ್ಪಿಗೆ ಹಾಗೂ ತಂಡದ ವಸತಿ ವ್ಯವಸ್ಥೆಯ ವಿವರ ಇರುವುದು ಒಳಿತು. ನಿರ್ವಹಣೆಗೆ ಒಪ್ಪಿದ ಗ್ರಾಮಸ್ಥರ ಹೆಸರುಗಳನ್ನೂ ಮನವಿಯಲ್ಲಿಯೇ ನಮೂದಿಸಿದಲ್ಲಿ ಕೆಲಸದ ಆಯ್ಕೆ ಸುಲಭವಾಗುತ್ತದೆ. ತಾಂತ್ರಿಕ ಸಲಹೆಗಾಗಿ ಹೋಬಳಿ ಮಟ್ಟದ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಬಹುದು.